ದಪ್ಪ ಪುಸ್ತಕವೇ ಗಟ್ಟಿ ವಿಚಾರ ಅನ್ನೋದು ಯಾವ ಲೆಕ್ಕ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಪುರವಣಿಯಲ್ಲಿ ಓದಿನ ಬಗ್ಗೆ ಬಂದ ಲೇಖನ ನೋಡಿದೆ. ಜನ ದಪ್ಪ ಪುಸ್ತಕ ಕೈಬಿಟ್ಟರು, ಎಲ್ಲರೂ ಚುಟುಕು ಬರಹಕ್ಕೆ ಇಳಿದರು, ಹಾಗಾಗಿ ವಿಚಾರ ಮಾಡುವುದೇ ನಿಂತುಹೋಯಿತು ಎಂಬುದು ಅದರ ಒಟ್ಟು ಸಾರ. ಬರೆದವರ ಸಂಕಟ ಸುಳ್ಳಲ್ಲ. ಆದರೆ ಕಾಯಿಲೆ ಒಂದು ಕಡೆ ಇದ್ದರೆ ಅವರು ಮದ್ದು ಇನ್ನೊಂದು ಕಡೆ ಹಚ್ಚುತ್ತಿದ್ದಾರೆ. ಉದ್ದ ಇದ್ದರೆ ಆಳ, ಗಿಡ್ಡ ಇದ್ದರೆ ಪೊಳ್ಳು ಅನ್ನುವ ಲೆಕ್ಕ ಇತಿಹಾಸಕ್ಕೆ ತಾಳೆಯಾಗುವುದಿಲ್ಲ. ಅದಕ್ಕೇ ಈ ಪತ್ರ. ಪತ್ರವೂ ಸ್ವಲ್ಪ ಉದ್ದವೇ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಫ್ರೆಂಚ್ ಲೇಖಕ ವೋಲ್ಟೇರ್ ವಿಷಯ. 18ನೇ ಶತಮಾನದ ಫ್ರಾನ್ಸಿನಲ್ಲಿ ದಿದರೋ ಮತ್ತು ದಲಂಬೇರ್ ಸೇರಿ ಒಂದು ವಿಶ್ವಕೋಶಕ್ಕೆ ಕೈಹಾಕಿದರು. 1751ರಲ್ಲಿ ಮೊದಲ ಸಂಪುಟ ಬಂತು. ಎಲ್ಲ ಮುಗಿಯುವ ಹೊತ್ತಿಗೆ 1772. ಬರಹದ್ದೇ 17 ಸಂಪುಟ, ಚಿತ್ರಗಳದ್ದು ಬೇರೆ 11. ಒಂದೊಂದೂ ಫೋಲಿಯೋ ಗಾತ್ರ, ಅಂದರೆ ಮೇಜಿನ ಮೇಲೆ ಹರಡಿಕೊಂಡೇ ಓದಬೇಕು. ಬೆಲೆ ಕೇಳಿದರೆ ಸಾಮಾನ್ಯರು ಹಿಂದಕ್ಕೆ ಸರಿಯುವಂಥದ್ದು. ಒಳಗೆ ಕಿಡಿಗೇಡಿತನ ಬೇಕಾದಷ್ಟಿತ್ತು. ನರಭಕ್ಷಕರ ಬಗೆಗಿನ ಲೇಖನ ಓದಿ ಮುಗಿಸಿದರೆ ಕೊನೆಗೆ ಒಂದು ಸೂಚನೆ: ಪರಮಪ್ರಸಾದ (ಯೇಸುವಿನ ಶರೀರ ಎಂದು ನಂಬಿ ಚರ್ಚಿನಲ್ಲಿ ತಿನ್ನುವ ರೊಟ್ಟಿ), ಬಲಿಪೀಠ ಇವನ್ನೂ ನೋಡಿ. ಅಷ್ಟೇ. ಲೇಖನದಲ್ಲಿ ಚರ್ಚಿನ ವಿರುದ್ಧ ಒಂದಕ್ಷರ ಇಲ್ಲ, ಚುಚ್ಚಿದ್ದೆಲ್ಲ ಆ ಸೂಚನೆಯಲ್ಲಿ. ಹತ್ತಾರು ಸಂಪುಟಗಳ ಕೋಶ ಆಗಿದ್ದಕ್ಕೇ ಈ ಆಟ ನಡೆಯಿತು, ಒಂದೇ ಪುಟ್ಟ ಹೊತ್ತಿಗೆಯಾಗಿದ್ದರೆ ಇಂಥದ್ದನ್ನು ಬಚ್ಚಿಡುವುದಕ್ಕೆ ಜಾಗ ಎಲ್ಲಿ? ಆದರೂ 1759ರಲ್ಲಿ ಸರ್ಕಾರ ಪರವಾನಗಿ ಕಿತ್ತುಕೊಂಡಿತು, ಅದು ಬೇರೆ ಮಾತು.

ವೋಲ್ಟೇರ್ ಆ ಕೋಶಕ್ಕೆ ತಾನೂ ಬರೆದವನೇ. ಆದರೆ ಅವನಿಗೆ ಆ ಗಾತ್ರದ ಮೇಲೆ ನಂಬಿಕೆ ಇರಲಿಲ್ಲ. 1764ರಲ್ಲಿ ತಾನೇ ಒಂದು ಕೈಯಲ್ಲಿ ಹಿಡಿಯುವಂಥ ತತ್ವಕೋಶ ಬರೆದು, ಹೆಸರು ಹಾಕದೆ ಅಚ್ಚು ಹಾಕಿಸಿದ. ಎರಡು ವರ್ಷ ಆದಮೇಲೆ ದಲಂಬೇರನಿಗೆ ಬರೆದ ಕಾಗದದಲ್ಲಿ, ಇಪ್ಪತ್ತು ಫೋಲಿಯೋ ಸಂಪುಟಗಳಿಂದ ಯಾವ ಕ್ರಾಂತಿಯೂ ಆಗೋದಿಲ್ಲ, ಹೆದರಬೇಕಾದ್ದು ಮೂವತ್ತು ಸೂ (ಆಗಿನ ಫ್ರೆಂಚ್ ಚಿಲ್ಲರೆ ನಾಣ್ಯ) ಬೆಲೆಯ ಪುಟ್ಟ ಪುಸ್ತಕಗಳಿಗೆ ಎಂಬ ಅರ್ಥದ ಮಾತು ಹೇಳಿದ. ಅಧಿಕಾರದಲ್ಲಿದ್ದವರಿಗೂ ಅದು ಗೊತ್ತಿತ್ತು. ಅದೇ 1766ರಲ್ಲಿ ಅಬ್ಬೆವೀಲ್ ಊರಿನಲ್ಲಿ ಲಾ ಬಾರ್ ಎಂಬ 20 ವರ್ಷದ ಹುಡುಗನನ್ನು ಧರ್ಮನಿಂದೆಯ ಆರೋಪದ ಮೇಲೆ ಕೊಂದರು. ಧಾರ್ಮಿಕ ಮೆರವಣಿಗೆ ಹೋಗುವಾಗ ಟೋಪಿ ತೆಗೆಯಲಿಲ್ಲ ಎಂಬುದು ಒಂದು ದೂರು. ಅವನ ಹತ್ತಿರ ವೋಲ್ಟೇರನ ಈ ಪುಟ್ಟ ತತ್ವಕೋಶ ಸಿಕ್ಕಿತ್ತು. ಅವನ ಹೆಣ ಸುಟ್ಟ ಬೆಂಕಿಗೇ ಆ ಪುಸ್ತಕವನ್ನೂ ಹಾಕಿದರು. 28 ಸಂಪುಟಗಳನ್ನು ಯಾರೂ ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳುವುದಿಲ್ಲ, ಅಲ್ವಾ?

ಇಲ್ಲಿಗೆ ನಿಲ್ಲಿಸಿದರೆ ಚಿಕ್ಕದೇ ಗೆದ್ದಿತು ಅಂದಹಾಗೆ ಆಗುತ್ತದೆ. ಅದೂ ಪೂರ್ತಿ ನಿಜ ಅಲ್ಲ. 1770ರ ದಶಕದ ಕೊನೆಗೆ ಕೆಲವು ಪ್ರಕಾಶಕರು ಅದೇ ದೊಡ್ಡ ಕೋಶವನ್ನು ಸಣ್ಣ ಗಾತ್ರದಲ್ಲಿ, ಅಗ್ಗದ ಕಾಗದದಲ್ಲಿ ತಂದರು. ಮೊದಲು ಕ್ವಾರ್ಟೊ, ಆಮೇಲೆ ಅದಕ್ಕಿಂತ ಚಿಕ್ಕ ಆಕ್ಟೇವೊ. ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ ಪ್ರಕಾಶಕರ ಹಳೇ ಲೆಕ್ಕಪತ್ರ, ಕಾಗದಗಳನ್ನೆಲ್ಲ ಕೆದಕಿ ನೋಡಿ, 1789ಕ್ಕೆ ಮುಂಚೆ ಸುಮಾರು 24,000 ಪ್ರತಿ ಓದುಗರ ಕೈಸೇರಿದ್ದವು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಅಗ್ಗದವೇ ಎಂದು ತೋರಿಸಿದ್ದಾರೆ. ಅಂದರೆ ಹೆಚ್ಚುಕಮ್ಮಿ ಅದೇ ಮಾತುಗಳು ಕಾಗದ ಚಿಕ್ಕದಾದಮೇಲೆ ಹರಡಿದವು. ಆದರೆ ಚಿಕ್ಕದು ಮಾಡುವಾಗ ಒಂದು ಉದುರಿಹೋಯಿತು. ಮೊದಲ ಆವೃತ್ತಿಯ 11 ಚಿತ್ರ ಸಂಪುಟ ಕ್ವಾರ್ಟೊದಲ್ಲಿ ಮೂರಕ್ಕೆ ಇಳಿಯಿತು. ಸೂಜಿ ಮಾಡುವವನ ಬೆಂಚು, ಅಚ್ಚುಮನೆಯ ಅಕ್ಷರದ ಮೊಳೆಗಳ ಪೆಟ್ಟಿಗೆ, ಮಗ್ಗ, ಕುಲುಮೆ ಹೀಗೆ ಕೈಕೆಲಸಗಳನ್ನು ಬಿಡಿಬಿಡಿಯಾಗಿ ಬರೆದು ತೋರಿಸಿದ್ದ ಹಾಳೆಗಳು ಅವು. ದಿದರೋ ಅದಕ್ಕಾಗಿ ಎಷ್ಟು ಒದ್ದಾಡಿದ್ದ! ತಾಮ್ರದ ತಗಡಿನಲ್ಲಿ ಕೊರೆಸುವ ಖರ್ಚು ಜಾಸ್ತಿ, ಕೈಬಿಟ್ಟರು. ಹೀಗಾಗಿ ಬಹುಪಾಲು ಓದುಗರಿಗೆ ತತ್ವ ಸಿಕ್ಕಿತು, ಕೈಕೆಲಸ ಸಿಗಲಿಲ್ಲ. ಇವತ್ತಿಗೂ ಆ ಕೋಶ ಅಂದಕೂಡಲೇ ಜನ ತತ್ವ, ರಾಜಕೀಯದ ಬಗ್ಗೆಯೇ ಮಾತಾಡುತ್ತಾರೆ, ಸೂಜಿಯ ಬಗ್ಗೆ ಅಲ್ಲ. ಅಗ್ಗದ ಆವೃತ್ತಿಗೂ ಅದರಲ್ಲಿ ಸ್ವಲ್ಪ ಪಾಲಿದೆ ಅನ್ನೋದು ನನ್ನ ಗುಮಾನಿ.

ನೋಡಬೇಕಾದ್ದು ಇದನ್ನೇ. ಗಾತ್ರ ಬದಲಾದಾಗ ಏನು ಉಳಿಯಿತು, ಏನು ಹೋಯಿತು? ನಿಮ್ಮ ಲೇಖಕರು ಈ ಪ್ರಶ್ನೆಯನ್ನೇ ಕೇಳಿಲ್ಲ.

ಜರ್ಮನಿಯ ಧರ್ಮಸುಧಾರಕ ಲೂಥರ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಚರ್ಚು ದುಡ್ಡಿಗೆ ಪಾಪಕ್ಷಮೆಯ ಪತ್ರ ಮಾರುವುದರ ವಿರುದ್ಧ ಬರೆದ 1517ರ ಆ 95 ವಾದಗಳು ಲ್ಯಾಟಿನ್‌ನಲ್ಲಿ ಇದ್ದವು, ಪಂಡಿತರು ಕೂತು ಚರ್ಚೆ ಮಾಡಲಿ ಅಂತ ಬರೆದದ್ದು. ಊರಮಂದಿಗೆ ಮುಟ್ಟಿದ್ದು 1518ರಲ್ಲಿ ಅದೇ ವಿಷಯದ ಮೇಲೆ ಜರ್ಮನ್‌ನಲ್ಲಿ ಬರೆದ ಒಂದು ಪುಟ್ಟ ಪ್ರವಚನ. ಒಂದು ದೊಡ್ಡ ಹಾಳೆಯನ್ನು ಎರಡು ಸಲ ಮಡಿಸಿದರೆ ನಾಲ್ಕು ಎಲೆ, ಎಂಟು ಪುಟ. ಆ ಪ್ರವಚನ ಹೆಚ್ಚುಕಮ್ಮಿ ಅಷ್ಟರಲ್ಲೇ ಮುಗಿಯುತ್ತಿತ್ತು. ಅಚ್ಚುಮನೆಯವನ ಕಡೆಯಿಂದ ನೋಡಿ. ಒಂದು ಬೈಬಲ್ ಅಚ್ಚು ಹಾಕಬೇಕಾದರೆ ಕಾಗದಕ್ಕೆ ಹಣ ಸುರಿದು ತಿಂಗಳುಗಟ್ಟಲೆ ಕಾಯಬೇಕು, ಆಮೇಲೆ ಮಾರಾಟ ಆಗುತ್ತದೋ ಇಲ್ಲವೋ. ಎಂಟು ಪುಟದ ಹೊತ್ತಿಗೆ ಒಂದೆರಡು ದಿನದ ಕೆಲಸ, ಆ ವಾರವೇ ದುಡ್ಡು ಕೈಗೆ. ಬೇರೆ ಊರಿಗೆ ಗಾಡಿಯಲ್ಲಿ ಹೊರೆ ಕಳಿಸುವುದೂ ಬೇಡ, ಒಂದೇ ಒಂದು ಪ್ರತಿ ಹೋದರೆ ಸಾಕು, ಅಲ್ಲಿಯ ಅಚ್ಚುಮನೆಯವನು ತಾನೇ ಮೊಳೆ ಜೋಡಿಸಿಕೊಂಡು ಇನ್ನೊಂದು ಮುದ್ರಣ ತೆಗೆಯುತ್ತಾನೆ. ಅವನಿಗೆ ಲೂಥರ್ ಬಗ್ಗೆ ಭಕ್ತಿ ಇರಬೇಕೆಂದೇನಿಲ್ಲ, ಬಾಡಿಗೆ ಕಟ್ಟಬೇಕು ಅಷ್ಟೆ. ವಿಚಾರ ಹರಡುವುದರಲ್ಲಿ ಇಂಥವರ ಹೊಟ್ಟೆಪಾಡಿನ ಪಾತ್ರ ದೊಡ್ಡದು. ಅದನ್ನು ಬರೆಯುವುದಕ್ಕೆ ನಮಗೆಲ್ಲ ಯಾಕೋ ಸಂಕೋಚ.

ಇನ್ನು ದಪ್ಪ ಪುಸ್ತಕದ ಘನತೆ. 1486ರ ಸುಮಾರಿಗೆ ಮಾಟಗಾತಿಯರನ್ನು ಪತ್ತೆಹಚ್ಚುವುದು ಹೇಗೆ, ವಿಚಾರಣೆ ಮಾಡುವುದು ಹೇಗೆ ಎಂದು ವಿವರಿಸುವ ದೊಡ್ಡ ಲ್ಯಾಟಿನ್ ಗ್ರಂಥ ಒಂದು ಬಂತು. ಪ್ರಶ್ನೆ, ಪೂರ್ವಪಕ್ಷ, ಸಮಾಧಾನ, ಹಳೇ ಆಚಾರ್ಯರ ಉಲ್ಲೇಖ ಎಲ್ಲ ಶಿಸ್ತಾಗಿದೆ. ಎರಡು ಶತಮಾನ ಅದು ಮತ್ತೆಮತ್ತೆ ಅಚ್ಚಾಯಿತು. ಅದರಲ್ಲಿರುವುದು ಮೂಢನಂಬಿಕೆ ಮತ್ತು ಹೆಂಗಸರ ಮೇಲಿನ ದ್ವೇಷ. ಅಷ್ಟು ಪುಟ, ಅಷ್ಟು ಉಲ್ಲೇಖ ಇದ್ದದ್ದರಿಂದಲೇ ನ್ಯಾಯಾಧೀಶರಿಗೆ ಅದು ಗಂಭೀರ ಗ್ರಂಥದ ಹಾಗೆ ಕಂಡಿತು. ಪುಟ ಜಾಸ್ತಿ ಇದ್ದರೆ ವಿಚಾರ ಇದೆ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಹಾಗಾದರೆ ಯಾವುದು ಮುಖ್ಯ? ನನಗೆ ತೋಚುವುದು ಇಷ್ಟು. ಒಂದು ಮಾತಿನ ಜೊತೆ ಅದರ ಕಾರಣವೂ ಪ್ರಯಾಣ ಮಾಡುತ್ತದೆಯೇ? ಜೊತೆಯಲ್ಲೇ ಬರದಿದ್ದರೆ ಎಲ್ಲಿ ಸಿಗುತ್ತದೆ ಅಂತಾದರೂ ಗೊತ್ತಾಗುತ್ತದೆಯೇ? ಮತ್ತೆ, ಇದು ತಪ್ಪು ಅನ್ನುವವನಿಗೆ ಅದೇ ಓದುಗರ ಮುಂದೆ ನಿಂತು ಹೇಳುವುದಕ್ಕೆ ಅವಕಾಶ ಇದೆಯೇ? ಇವು ಎಂಟು ಪುಟದಲ್ಲೂ ಇರಬಹುದು, ಎಂಟುನೂರು ಪುಟದಲ್ಲೂ ಇಲ್ಲದೆ ಹೋಗಬಹುದು.

ಎದುರು ಮಾತಿಗೆ ಜಾಗ ಅಂದೆನಲ್ಲ, ಅದಕ್ಕೆ ವಿಜ್ಞಾನದ ನಿಯತಕಾಲಿಕಗಳಿಗಿಂತ ಒಳ್ಳೆ ಉದಾಹರಣೆ ಇಲ್ಲ. 1665ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಒಂದು, ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಒಂದು ಶುರುವಾಯಿತು. ಲಂಡನ್ನಿನದನ್ನು ನಡೆಸಿದವನು ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ಅದಕ್ಕೆ ಮುಂಚೆ ಏನಾದರೂ ಕಂಡುಹಿಡಿದರೆ ಎರಡೇ ದಾರಿ. ಗೆಳೆಯನಿಗೆ ಕಾಗದ ಬರೆಯಬೇಕು, ಇಲ್ಲವೇ ವರ್ಷಗಟ್ಟಲೆ ಕೂತು ಪುಸ್ತಕ ಬರೆಯಬೇಕು. ಓಲ್ಡನ್‌ಬರ್ಗ್ ಮಾಡಿದ್ದು, ತನಗೆ ಬಂದ ಕಾಗದಗಳನ್ನೇ ಅಚ್ಚು ಹಾಕಿದ್ದು. 1672ರಲ್ಲಿ ನ್ಯೂಟನ್ ಬೆಳಕು ಮತ್ತು ಬಣ್ಣದ ಬಗ್ಗೆ ಕಳಿಸಿದ ಕಾಗದ ಹೀಗೇ ಅಚ್ಚಾಯಿತು. ತಗೋ, ಶುರುವಾಯಿತು. ಹುಕ್ ತಕರಾರು ತೆಗೆದ. ಹೈಗನ್ಸ್ ಪ್ರಶ್ನೆ ಎತ್ತಿದ. ನನ್ನ ಪಟ್ಟಕದಲ್ಲಿ (ಬೆಳಕನ್ನು ಬಣ್ಣಗಳಾಗಿ ಒಡೆಯುವ ಗಾಜು) ಹಾಗೆ ಬರಲಿಲ್ಲ ಎಂದು ಇನ್ನು ಯಾರೋ ಬರೆದರು. ನ್ಯೂಟನ್ ವರ್ಷಗಟ್ಟಲೆ ಉತ್ತರ ಕೊಟ್ಟು ಕೊಟ್ಟು ರೋಸಿಹೋದ. ಬೆಳಕಿನ ಬಗೆಗಿನ ಅವನ ದೊಡ್ಡ ಪುಸ್ತಕ ಹೊರಬಂದದ್ದು 1704ರಲ್ಲಿ. ಹುಕ್ ಸತ್ತದ್ದು 1703ರಲ್ಲಿ. ಕಾಕತಾಳೀಯ ಅಂತ ಯಾರೂ ನಂಬುವುದಿಲ್ಲ. ನಡುವೆ 1687ರಲ್ಲಿ ಬಂದ 'ಪ್ರಿನ್ಸಿಪಿಯಾ' ಎಂಬ ಗ್ರಂಥವನ್ನಂತೂ, ಅರ್ಧಂಬರ್ಧ ಗಣಿತ ಬಲ್ಲವರು ಬಂದು ಕಾಡದಿರಲಿ ಎಂದು ಬೇಕಂತಲೇ ಕಠಿಣ ಮಾಡಿದೆ ಎಂದು ಅವನೇ ಹೇಳಿದ್ದನಂತೆ. ಅವನ ಪರಿಚಯದವರೊಬ್ಬರು ಇದನ್ನು ಬರೆದಿಟ್ಟಿದ್ದಾರೆ. ನೋಡಿ, ದಪ್ಪ ಪುಸ್ತಕ ನ್ಯೂಟನ್‌ಗೆ ಕೋಟೆಯಾಗಿತ್ತು. ಒಳಗೆ ಯಾರೂ ಬರಬಾರದು. ಮನುಷ್ಯನಾಗಿ ಅವನಿಗೆ ಕಿರಿಕಿರಿ ಆದದ್ದು ಸಹಜ. ಆದರೆ ಆಮೇಲಿನ ವಿಜ್ಞಾನ ಬೆಳೆದದ್ದು ಆ ಕಿರಿಕಿರಿಯ ದಾರಿಯಲ್ಲೇ, ಕೋಟೆಯ ದಾರಿಯಲ್ಲಿ ಅಲ್ಲ.

ನಿಮ್ಮ ಲೇಖಕರ ಪರವಾಗಿ ಒಂದು ಉದಾಹರಣೆ ನಾನೇ ಕೊಡುತ್ತೇನೆ, ಅವರು ಅದನ್ನು ಬಳಸಿಕೊಂಡಿದ್ದರೆ ಲೇಖನಕ್ಕೆ ತೂಕ ಬರುತ್ತಿತ್ತು. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವಾಲೆಸ್ ಇಬ್ಬರ ಬರಹಗಳನ್ನು ಒಟ್ಟಿಗೆ ಓದಿದರು. ಪ್ರಕೃತಿಯ ಆಯ್ಕೆ ಎಂಬ ವಿಚಾರ ಪೂರ್ತಿಯಾಗಿ ಅದರಲ್ಲಿದೆ. ಏನೂ ಆಗಲಿಲ್ಲ. ಆ ವರ್ಷದಲ್ಲಿ ಅಂಥ ದೊಡ್ಡ ಶೋಧ ಏನೂ ಆಗಲಿಲ್ಲ ಎಂಬ ಅರ್ಥದಲ್ಲಿ ಸೊಸೈಟಿಯ ಅಧ್ಯಕ್ಷರು ಆಮೇಲೆ ಹೇಳಿಬಿಟ್ಟರು! ಮುಂದಿನ ವರ್ಷ ನವೆಂಬರ್‌ನಲ್ಲಿ ಡಾರ್ವಿನ್ ಪುಸ್ತಕ ಬಂತು, 1,250 ಪ್ರತಿ, ಗದ್ದಲ ಎದ್ದಿತು. ಅದೇ ವಿಚಾರ. ಆದರೆ ಪುಸ್ತಕದಲ್ಲಿ ಪಾರಿವಾಳ ಸಾಕುವವರು ತಳಿ ಹೇಗೆ ಆರಿಸುತ್ತಾರೆ ಎಂಬಲ್ಲಿಂದ ಹಿಡಿದು ಓದುಗನನ್ನು ಮೆಲ್ಲಗೆ ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ತನ್ನ ವಾದಕ್ಕೆ ಬರಬಹುದಾದ ತಕರಾರುಗಳಿಗೆ ಒಂದು ಅಧ್ಯಾಯವನ್ನೇ ಎತ್ತಿಟ್ಟಿದ್ದಾನೆ. ಇಂಥ ವಿಷಯಕ್ಕೆ ಉದ್ದ ಬೇಕು, ಒಪ್ಪಿದೆ. ತಮಾಷೆ ಏನೆಂದರೆ ಡಾರ್ವಿನ್‌ಗೆ ಆ ಪುಸ್ತಕ ಕೂಡ ಬರೀ ಸಾರಾಂಶ! ಅವನು ಬರೆಯುತ್ತಿದ್ದದ್ದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಗ್ರಂಥ. ವಾಲೆಸ್ ಕಾಗದ ಬಂದು ಅವಸರ ಆಯಿತು, ಮೊಟಕು ಮಾಡಿದ. ಆ ದೊಡ್ಡದೇ ಬಂದಿದ್ದರೆ ಜನ ಓದುತ್ತಿದ್ದರೇ? ನನಗಂತೂ ಅನುಮಾನ.

ಮೆಂಡೆಲ್ ಕತೆ ಇನ್ನೂ ಬೇಸರದ್ದು. ಬಟಾಣಿ ಗಿಡಗಳ ಮೇಲೆ ಮಾಡಿದ ಕೆಲಸ 1866ರಲ್ಲಿ ಬ್ರೂನ್ ಊರಿನ ಒಂದು ಸ್ಥಳೀಯ ಸಂಘದ ವರದಿಯಲ್ಲಿ ಅಚ್ಚಾಯಿತು. ಆ ವರದಿ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಹೋಗಿತ್ತು. ಕಾರಣ ಇದೆ, ಲೆಕ್ಕ ಇದೆ, ಎಲ್ಲ ಇದೆ. ಎದುರು ಮಾತಾಡುವವರೇ ಇಲ್ಲ. 1900ರವರೆಗೆ ಕಪಾಟಿನಲ್ಲಿ ಕೂತಿತ್ತು.

1953ರ ಏಪ್ರಿಲ್ 25ರ 'ನೇಚರ್' ಸಂಚಿಕೆ ತೆಗೆದು ನೋಡಿದರೆ ಇದಕ್ಕೆ ಪೂರ್ತಿ ಉಲ್ಟಾ. ಡಿಎನ್‌ಎ ರಚನೆಯ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ ಬರೆದದ್ದು ಒಂದು ಪುಟಕ್ಕಿಂತ ಚೂರು ಜಾಸ್ತಿ, ಸುಮಾರು 900 ಪದ, ಒಂದು ಚಿತ್ರ. ಜೀವಶಾಸ್ತ್ರದ ದಿಕ್ಕೇ ಬದಲಾಯಿತು. ಚುಟುಕಿನ ಪರ ಇರುವವರು ಇದನ್ನು ಎತ್ತಿಹೇಳುತ್ತಲೇ ಇರುತ್ತಾರೆ. ಆದರೆ ಪುಟ ತಿರುಗಿಸಿ. ಅದೇ ಸಂಚಿಕೆಯಲ್ಲಿ ಅದರ ಬೆನ್ನಿಗೇ ಇನ್ನೆರಡು ಬರಹ ಇವೆ. ಒಂದು ವಿಲ್ಕಿನ್ಸ್ ಮತ್ತು ಸಂಗಡಿಗರದ್ದು, ಇನ್ನೊಂದು ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರದ್ದು. ಎಕ್ಸ್-ರೇ ಚಿತ್ರ, ಅಳತೆ, ಆಧಾರ ಎಲ್ಲ ಅವುಗಳಲ್ಲಿದೆ. ಒಂದು ಪುಟದ ಮಾತು ನಿಂತದ್ದು ಪಕ್ಕದ ಪುಟಗಳ ಮೇಲೆ. ಫ್ರಾಂಕ್ಲಿನ್‌ಗೆ ಸಲ್ಲಬೇಕಾದ್ದು ಸಲ್ಲಲಿಲ್ಲ ಎಂಬ ದೊಡ್ಡ ಜಗಳ ಇದೆಯಲ್ಲ, ಅದಕ್ಕೂ ಈ ಜೋಡಣೆಗೂ ಸಂಬಂಧ ಇದೆ. ಮೊದಲು ಬಂದ ಪುಟ ಮಾತಾಯಿತು, ಆಮೇಲೆ ಬಂದದ್ದು ಬೆಂಬಲದ ಸಾಕ್ಷಿಯ ಹಾಗೆ ಕಂಡಿತು. ಮೂರನ್ನೂ ಬೇರೆ ಅನುಕ್ರಮದಲ್ಲಿ ಹಾಕಿದ್ದರೆ ಕತೆಯೇ ಬೇರೆ ಇರುತ್ತಿತ್ತೋ ಏನೋ.

ಈಗ ಕಾರಣ ಕಳಚಿಹೋದರೆ ಏನಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ. 2003ರ ಜನವರಿ 16ರಂದು ಅಮೆರಿಕದ ಕೊಲಂಬಿಯಾ ಗಗನನೌಕೆ ಮೇಲೇರುವಾಗ ಇಂಧನ ಟ್ಯಾಂಕಿನ ಮೇಲಿನ ಫೋಮ್ ತುಂಡೊಂದು ಕಿತ್ತುಬಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರುಗಳು ಕೂತು ಅಪಾಯ ಎಷ್ಟು ಅಂತ ಲೆಕ್ಕ ಹಾಕಿ ಮೇಲಿನವರಿಗೆ ತೋರಿಸಿದರು. ಹೇಗೆ ತೋರಿಸಿದರು? ಸ್ಲೈಡ್‌ಗಳಲ್ಲಿ. ಅದರಲ್ಲಿ ಒಂದು ಸ್ಲೈಡ್ ಆಮೇಲೆ ಕುಖ್ಯಾತಿ ಪಡೆಯಿತು. ಮೇಲೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ, ಓದಿದರೆ ಸಮಾಧಾನ ಆಗುವಂಥದ್ದು. ಕೆಳಗೆ ಚುಕ್ಕೆ, ಅದರ ಕೆಳಗೆ ಅಡ್ಡಗೆರೆ, ಅದರ ಕೆಳಗೆ ಇನ್ನೂ ಸಣ್ಣ ಚುಕ್ಕೆ, ಹೀಗೆ ಇಳಿಯುತ್ತಾ ಹೋಗುತ್ತದೆ, ಇಳಿದ ಹಾಗೆಲ್ಲ ಅಕ್ಷರವೂ ಚಿಕ್ಕದಾಗುತ್ತದೆ. ತೀರಾ ಕೊನೆಯ ಸಾಲಿನಲ್ಲಿ ಒಂದು ವಿಷಯ ಇದೆ. ಇಲ್ಲಿಯ ಗಾತ್ರ 1,920 ಘನ ಅಂಗುಲ, ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡಿನಲ್ಲಿ. ಅಂದರೆ 640 ಪಟ್ಟು ವ್ಯತ್ಯಾಸ. ಅಂದರೆ ಮೇಲೆ ಹೇಳಿದ ಸಮಾಧಾನಕ್ಕೆ ಬುಡವೇ ಇಲ್ಲ! ಇದೇ ಮಾತನ್ನು ಒಂದು ಸಾದಾ ವರದಿಯಲ್ಲಿ ಬರೆಯಬೇಕಾಗಿದ್ದರೆ, ನಾವು ಪರೀಕ್ಷಿಸಿದ ತುಂಡು ಇದಕ್ಕಿಂತ ನೂರಾರು ಪಟ್ಟು ಚಿಕ್ಕದು, ಆದ್ದರಿಂದ ನಮ್ಮ ಲೆಕ್ಕವನ್ನು ನಂಬಬೇಡಿ ಎಂದು ಬರೆಯದೆ ವಾಕ್ಯ ಮುಗಿಸುವುದಕ್ಕೇ ಆಗುತ್ತಿರಲಿಲ್ಲ. ಬುಲೆಟ್ ಪಾಯಿಂಟಿನಲ್ಲಿ 'ಆದ್ದರಿಂದ' ಬರೆಯುವ ಅಗತ್ಯವೇ ಬೀಳುವುದಿಲ್ಲ. ಒಂದರ ಕೆಳಗೆ ಒಂದು ಇಟ್ಟರೆ ಆಯಿತು, ಸಂಬಂಧ ನೋಡುವವರು ಕಲ್ಪಿಸಿಕೊಳ್ಳಬೇಕು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಛಿದ್ರವಾಗಿ ಏಳು ಜನ ಸತ್ತರು. ಅದಕ್ಕೆ ಕಾರಣಗಳು ಹತ್ತಾರು, ಸ್ಲೈಡ್ ಒಂದರ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಆದರೆ ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡ್ ಬಳಸುವ ಚಾಳಿಯನ್ನು ತನಿಖಾ ಮಂಡಳಿ ಆ ವರ್ಷ ಆಗಸ್ಟ್‌ನ ವರದಿಯಲ್ಲಿ ಹೆಸರೆತ್ತಿ ಟೀಕಿಸಿತು. ಮಾಹಿತಿಯನ್ನು ಕಣ್ಣಿಗೆ ಕಾಣುವಂತೆ ತೋರಿಸುವುದು ಹೇಗೆ ಎಂಬುದರ ತಜ್ಞ ಎಡ್ವರ್ಡ್ ಟಫ್ಟಿ ಆ ಸ್ಲೈಡನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದ್ದಾರೆ.

ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿ ತರುವ ವರದಿಯೂ ಸಾರಾಂಶ ಮಾಡುತ್ತದಲ್ಲ. ಸಾವಿರಾರು ಪುಟ ಯಾರೂ ಓದುವುದಿಲ್ಲ, ಅದು ಅವರಿಗೂ ಗೊತ್ತು. ನೀತಿ ಮಾಡುವವರಿಗೆ ಅಂತ ಬೇರೆ ಸಾರಾಂಶ ಬರೆದು, ಸರ್ಕಾರಗಳ ಪ್ರತಿನಿಧಿಗಳು ಕೂತು ಒಂದೊಂದೇ ಸಾಲಿಗೆ ಒಪ್ಪಿಗೆ ಕೊಡುತ್ತಾರೆ. ಆ ಜಗ್ಗಾಟದಲ್ಲಿ ಮಾತು ಸಪ್ಪೆಯಾಗುತ್ತದೆ ಅನ್ನುವ ದೂರು ಇದೆ, ಇರಲಿ. ಆದರೆ ಪ್ರತಿ ಹೇಳಿಕೆಯ ಕೊನೆಗೆ ಇದು ಮೂಲ ವರದಿಯ ಯಾವ ಅಧ್ಯಾಯದಿಂದ ಬಂತು ಅಂತ ಆವರಣದಲ್ಲಿ ಅಂಕಿ ಇರುತ್ತದೆ. ಬೇಕಾದವನು ಹಿಂದಕ್ಕೆ ನಡೆದುಹೋಗಬಹುದು. ಗಿಡ್ಡ ಬರಹಕ್ಕೆ ಇಷ್ಟು ಇದ್ದರೆ ಸಾಕು ಅನ್ನುತ್ತೇನೆ ನಾನು.

ಫೋನಿನಲ್ಲಿ ಓಡಾಡುವ ಸ್ಕ್ರೀನ್‌ಶಾಟ್‌ಗೆ ಆ ಹಿಂದಿನ ದಾರಿಯೇ ಇಲ್ಲ. ಯಾರೋ ದೊಡ್ಡವರ ಫೋಟೊ, ಪಕ್ಕದಲ್ಲಿ ಅವರು ಹೇಳಿದರು ಅನ್ನಲಾದ ಮಾತು. ಯಾವ ಪುಸ್ತಕ, ಯಾವ ಪುಟ, ಯಾವ ವರ್ಷ, ಒಂದೂ ಇಲ್ಲ. ತಪ್ಪು ಅಂತ ಯಾರಾದರೂ ಉತ್ತರ ಬರೆದರೂ ಅದು ಹೋಗುವುದು ಬೇರೆ ಜನಕ್ಕೆ, ಮೊದಲನೆಯದು ನೋಡಿದವರಿಗೆ ಅಲ್ಲ. ಇದನ್ನು ನೋಡಿ ಜನ ಗಿಡ್ಡ ಬರಹವನ್ನೇ ಬೈಯುತ್ತಾರೆ. ಟ್ವಿಟರ್ 140 ಅಕ್ಷರದಿಂದ 2017ರಲ್ಲಿ 280ಕ್ಕೆ ಹೋಯಿತು. ಅಷ್ಟಕ್ಕೆ ಜಗಳ ಕಮ್ಮಿ ಆಯಿತೇ? ಲೂಥರನ ಎಂಟು ಪುಟಕ್ಕೆ ಎದುರಾಳಿಗಳು ಇನ್ನೊಂದು ಹೊತ್ತಿಗೆ ಅಚ್ಚು ಹಾಕಿ ಅದೇ ಸಂತೆಯಲ್ಲಿ ಮಾರಬಹುದಿತ್ತು. ಸ್ಕ್ರೀನ್‌ಶಾಟ್‌ಗೆ ಸಂತೆ ಎಲ್ಲಿದೆ?

ಉದ್ದದ ಕಡೆಯ ಮೋಸವನ್ನೂ ಹೇಳಿಬಿಡುತ್ತೇನೆ. ಒಂದು ಒಳ್ಳೆ ಪ್ರಬಂಧದಲ್ಲಿ ಮುಗಿಯುವ ವಿಚಾರವನ್ನು 300 ಪುಟಕ್ಕೆ ಹಿಗ್ಗಿಸಿದ ಪುಸ್ತಕಗಳು ಎಷ್ಟು ಬೇಕು! ಮೊದಲ ಅಧ್ಯಾಯದಲ್ಲಿ ಎಲ್ಲ ಹೇಳಿಯಾಗಿರುತ್ತದೆ, ಆಮೇಲೆ ಬರೀ ಕತೆಗಳು. ಲೇಖಕರನ್ನು ಮಾತ್ರ ಬೈದು ಪ್ರಯೋಜನ ಇಲ್ಲ. 60 ಪುಟದ್ದಕ್ಕೆ ಅಂಗಡಿಯವನು ಕಪಾಟಿನಲ್ಲಿ ಜಾಗ ಕೊಡುವುದಿಲ್ಲ, ಬೆನ್ನಿನ ಮೇಲೆ ಹೆಸರು ಅಚ್ಚು ಹಾಕುವಷ್ಟು ದಪ್ಪವೂ ಇರುವುದಿಲ್ಲ, ಓದುಗನೂ ತೂಕ ನೋಡಿಯೇ ದುಡ್ಡು ಕೊಡುತ್ತಾನೆ. ವಿಶ್ವವಿದ್ಯಾಲಯಗಳಲ್ಲಿ ಇದರ ಉಲ್ಟಾ ರೋಗ. ಅಲ್ಲಿ ಬಡ್ತಿಗೆ ಪ್ರಬಂಧಗಳ ಎಣಿಕೆ ಮುಖ್ಯ. ಹಾಗಾಗಿ ಒಂದೇ ಸಂಶೋಧನೆಯನ್ನು ಮೂರ್ನಾಲ್ಕು ಹೋಳು ಮಾಡಿ ಬೇರೆ ಬೇರೆ ಜರ್ನಲ್‌ಗಳಿಗೆ ಕಳಿಸುತ್ತಾರೆ. ಓದುವವನಿಗೆ ಯಾವ ಹೋಳಿನಲ್ಲೂ ಪೂರ್ತಿ ವಿಷಯ ಸಿಗುವುದಿಲ್ಲ.

ಈ ಎಣಿಕೆಯ ಗೊಡವೆಯೇ ಬೇಡ ಅಂದವರೊಬ್ಬರಿದ್ದಾರೆ, ರಷ್ಯಾದ ಗಣಿತಜ್ಞ ಪೆರೆಲ್ಮನ್. ನೂರು ವರ್ಷದಷ್ಟು ಹಳೆಯ ಪ್ವಾಂಕರೆ ಊಹೆ ಎಂಬ ಗಣಿತದ ಸಮಸ್ಯೆಗೆ ಕಂಡುಕೊಂಡ ರುಜುವಾತನ್ನು ಅವರು ಯಾವ ಜರ್ನಲ್‌ಗೂ ಕಳಿಸಲಿಲ್ಲ. 2002 ಮತ್ತು 2003ರಲ್ಲಿ ಮೂರು ಬರಹಗಳನ್ನು ಆರ್‌ಕೈವ್ ಎಂಬ, ಜರ್ನಲ್‌ನಲ್ಲಿ ಅಚ್ಚಾಗುವ ಮುಂಚಿನ ಬರಹಗಳ (ಪ್ರಿಪ್ರಿಂಟ್) ಅಂತರ್ಜಾಲ ಸಂಗ್ರಹದಲ್ಲಿ ಹಾಕಿ ಸುಮ್ಮನಾದರು. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಶುರುಮಾಡಿದ, ಯಾರು ಬೇಕಾದರೂ ಓದಬಹುದಾದ ಸಂಗ್ರಹ ಅದು. ಮೂರೂ ಸೇರಿ 70 ಪುಟವೂ ಇಲ್ಲ. ಅದರ ಒಂದೊಂದು ಹೆಜ್ಜೆಯನ್ನೂ ಬಿಡಿಸಿ, ಸರಿ ಇದೆಯೇ ಎಂದು ನೋಡುವುದಕ್ಕೆ ಬೇರೆ ಗಣಿತಜ್ಞರ ತಂಡಗಳು ವರ್ಷಗಟ್ಟಲೆ ಕೂತು ನೂರಾರು ಪುಟ ಬರೆದವು. 2006ರಲ್ಲಿ ಫೀಲ್ಡ್ಸ್ ಪದಕ ಕೊಟ್ಟರೆ ಬೇಡ ಅಂದರು. 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನವೂ ಬೇಡ. ಅವರ ಹಠ ಏನೇ ಇರಲಿ, ಇಲ್ಲಿ ಗಿಡ್ಡದು ಮತ್ತು ಉದ್ದದ್ದು ಒಂದಕ್ಕೊಂದು ಶತ್ರು ಆಗಲಿಲ್ಲ. ಒಬ್ಬರು ಮೊಟಕಾಗಿ ಹೇಳಿದರು, ಉಳಿದವರು ಉದ್ದಕ್ಕೆ ಬಿಡಿಸಿದರು, ಎರಡೂ ಎಲ್ಲರ ಕಣ್ಣಮುಂದೆ ಇತ್ತು.

ಕೊನೆಗೆ ನಿಮ್ಮ ವಿಷಯ, ಸಂಪಾದಕರೇ. 1909ರಲ್ಲಿ ಗಾಂಧೀಜಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಹಡಗಿನಲ್ಲಿ ವಾಪಸ್ ಹೋಗುವಾಗ 'ಹಿಂದ್ ಸ್ವರಾಜ್' ಬರೆದರು, ತಮ್ಮದೇ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಅದು ಇರುವುದೇ ಓದುಗ ಮತ್ತು ಸಂಪಾದಕ ಇಬ್ಬರ ಮಾತುಕತೆಯಾಗಿ. ಓದುಗ ಸುಮ್ನೆ ತಲೆಯಾಡಿಸುವುದಿಲ್ಲ, ಕೆಣಕುತ್ತಾನೆ, ಒಪ್ಪುವುದಿಲ್ಲ, ಮತ್ತೆ ಕೇಳುತ್ತಾನೆ. ಪುಟ್ಟ ಪುಸ್ತಕ. 1910ರಲ್ಲಿ ಬಾಂಬೆ ಸರ್ಕಾರ ಅದನ್ನು ನಿಷೇಧಿಸಿತು. ಅಲ್ಲಿ ಓದುಗನ ಮಾತನ್ನೂ ಸಂಪಾದಕರೇ ಬರೆದಿದ್ದರು ಅನ್ನಿ, ನಿಮಗೆ ಆ ಅನುಕೂಲ ಇಲ್ಲ. ನಿಮಗೆ ನನ್ನಂಥವರು ಬರೆಯುತ್ತಾರೆ.

ಹಾಗಾಗಿ ನನ್ನ ಬೇಡಿಕೆ ದಪ್ಪ ಲೇಖನ ಹಾಕಿ ಎಂಬುದಲ್ಲ. ಸಂಶೋಧನೆಯ ಸುದ್ದಿ ಹಾಕುವಾಗ "ಅಧ್ಯಯನವೊಂದರ ಪ್ರಕಾರ" ಎಂದು ಬಿಟ್ಟುಬಿಡುತ್ತೀರಿ. ಯಾವ ಅಧ್ಯಯನ, ಎಲ್ಲಿ ಅಚ್ಚಾಯಿತು, ಯಾವ ವರ್ಷ ಎಂಬುದಕ್ಕೆ ಒಂದು ಸಾಲು ಸಾಕು, ಅದನ್ನು ಹಾಕಿ. ಮುಖಪುಟದಲ್ಲಿ ಆದ ತಪ್ಪಿಗೆ ತಿದ್ದುಪಡಿಯನ್ನೂ ಮುಖಪುಟದಲ್ಲೇ ಹಾಕಿ, ಒಳಗಿನ ಯಾವುದೋ ಮೂಲೆಯಲ್ಲಿ ಜಾಹೀರಾತಿನ ಕೆಳಗೆ ಬೇಡ. ಒಂದು ಲೇಖನಕ್ಕೆ ಗಟ್ಟಿ ತಕರಾರು ಬಂದರೆ ಅದೇ ಪುರವಣಿಯಲ್ಲಿ, ಅದೇ ಪುಟದಲ್ಲಿ ಜಾಗ ಕೊಡಿ. ಹೋದ ವಾರದ ಲೇಖಕರೂ ನನಗೆ ಉತ್ತರ ಬರೆಯಲಿ, ನಾನು ಕಾಯುತ್ತೇನೆ.

ಈ ಪತ್ರವನ್ನು ಪೂರ್ತಿ ಹಾಕುವುದಕ್ಕೆ ಜಾಗ ಇಲ್ಲ ಅನ್ನುತ್ತೀರಿ, ಗೊತ್ತು. ಕತ್ತರಿಸಲೇಬೇಕು ಅಂದರೆ ಲೂಥರ್ ತೆಗೆಯಿರಿ, ನ್ಯೂಟನ್ ಜಗಳವನ್ನೂ ತೆಗೆಯಿರಿ. ಸ್ಲೈಡ್ ಬಗ್ಗೆ ಬರೆದದ್ದನ್ನು ಮಾತ್ರ ಮುಟ್ಟಬೇಡಿ, ಅದರಲ್ಲೂ ಆ ಕೊನೆಯ ಸಾಲಿನ 1,920 ಮತ್ತು 3 ಎಂಬ ಎರಡು ಅಂಕಿ.

ಇತಿ,
ನಿಮ್ಮ ಓದುಗ